ಕತ್ತಲಿನ ರೆಕಾರ್ಡಿಂಗ್

ಮೈಕು ಹಿಡಿದವನು ನಾನೇ.
ನೈಜರ್ ನದಿ ಕವಲೊಡೆದು ಕಡಲಿಗಿಳಿಯುವಲ್ಲಿ,
ಕಾಂಡ್ಲಾ ಬೇರುಗಳಿಗೆ ಎಣ್ಣೆ ಮೆತ್ತಿದ ತೊರೆಯಾಚೆ
ಉರಿಯುವ ಕೊಳವೆಯ ಕಡೆಗೆ.
ತೈಲದ ಹಿಂದೆಯೇ ಮೇಲೆದ್ದು ಬಂದ ಅನಿಲ
ಯಾರಿಗೂ ಬೇಡವಂತೆ. ಹಾಗಾಗಿ ಸುಡುತ್ತಾರೆ,
ಹಗಲೂ ಇರುಳೂ, ನಲವತ್ತೊಂದು ವರುಷ.

ಪ್ರೆಯೆ ಹೆಡ್‌ಫೋನ್ ಒತ್ತಿ ಕಣ್ಣುಮುಚ್ಚಿದಳು:
‘ಕೇಳು, ಇದು ಸದ್ದಲ್ಲ, ಸ್ವರ.
ಕೀಬೋರ್ಡಿನ ಯಾವ ಮನೆಯಲ್ಲೂ ಇದರ ವಾಸವಿಲ್ಲ,
ಎರಡು ಮನೆಗಳ ನಡುವಿನ ಗೋಡೆಯೊಳಗಿದೆ.’

ಆ ಗೋಡೆಗೇ ಶ್ರುತಿ ಕೂಡಿಸಿದೆವು ಎಲ್ಲವನ್ನೂ.
ಗಿಟಾರಿನ ತಂತಿ ಸಡಿಲಿಸಿದೆವು,
ಕಹಳೆಯ ಬಾಯಿಗೆ ಬಟ್ಟೆ ತುರುಕಿದೆವು,
ನುಡಿಸುವ ಮಡಕೆಗಳಿಂದ ಗುಟುಕು ಗುಟುಕಾಗಿ
ನೀರು ಚೆಲ್ಲಿದೆವು.

ಉರಿಯ ಬುಡದಲ್ಲಿ ಹೆಂಗಸರು
ಮರಗೆಣಸು ಒಣಹಾಕಿದ್ದರು.
‘ಪುಕ್ಕಟೆ ಬಿಸಿಲು!’ ಒಬ್ಬಳು ನಕ್ಕಳು,
ಕೆಮ್ಮಿದಳು, ಮತ್ತೆ ನಕ್ಕಳು.
ಬಿಡಲಿಲ್ಲ ನಾನು.
ನಗು ಎರಡನೇ ಟ್ರ್ಯಾಕು,
ಕೆಮ್ಮು ಐದನೆಯದು.

ಪೋರ್ಟ್ ಹಾರ್ಕೋರ್ಟಿನ ಸಭಾಂಗಣ. ತಣ್ಣನೆ ಕುರ್ಚಿಗಳು.
ಹೊರಗೆ ಡೀಸೆಲ್ ಕುಡಿಯುವ ಜನರೇಟರು.
ಟಿಕೆಟ್ಟು ತಿರುವಿದರೆ ಪ್ರಾಯೋಜಕರ ಮುದ್ರೆ:
ಅದೇ ಕೊಳವೆಯ ಒಡೆಯರು.
ಹಿಂದಿನ ರಾತ್ರಿ ಕೂತು ಕಪ್ಪು ಶಾಯಿಯಲ್ಲಿ ಅಳಿಸುತ್ತ ಹೋದೆವು,
ಎಂಟುನೂರರಲ್ಲಿ ಐನೂರ ಹತ್ತಕ್ಕೆ
ಶಾಯಿ ಮುಗಿಯಿತು.
ಉಳಿದದ್ದನ್ನು ಹಾಗೇ ಮಾರಿದೆವು.

ಎರಡು ದೋಣಿ, ಒಂದು ವ್ಯಾನು ತುಂಬಾ
ತೊರೆಯೂರಿನವರು ಬಂದಿದ್ದರು.
ಮುಂದಿನ ಸಾಲಲ್ಲಿ ಇಬಿನಾಬೊ ಅಜ್ಜಿ,
ಮಡಿಲಲ್ಲಿ ಮರಿಮಗಳು.

ನುಡಿಸಿದೆವು.
ಉರಿ ಗರ್ಜಿಸಿತು ಎಂಟು ಸ್ಪೀಕರುಗಳಿಂದ,
ಕೆಮ್ಮಿಗೆ ತಾಳ ಕೂಡಿತು,
ಯಾರೋ ದೊಡ್ಡವರು ಕರವಸ್ತ್ರ ತೆಗೆದರು.
ಚಪ್ಪಾಳೆ ನಿಲ್ಲುವವರೆಗೂ ಕಾದು ಎದ್ದಳು ಅಜ್ಜಿ:

‘ಬೆಂಕಿಯನ್ನು ಚೆನ್ನಾಗಿ ನುಡಿಸಿದಿರಿ, ಮಕ್ಕಳೇ.
ಅದು ನಮ್ಮಲ್ಲಿ ಬೇಕಾದಷ್ಟಿದೆ.
ಇವಳಿಗೆ ಈಗ ಏಳು. ಕತ್ತಲೆ ಕಂಡವಳಲ್ಲ.
ಅದನ್ನಿಷ್ಟು ನುಡಿಸಿ.’

ಪ್ರೆಯೆ ನನ್ನತ್ತ ನೋಡಿದಳು.
ನನ್ನ ಡಿಸ್ಕಿನಲ್ಲಿ ನಾನೂರು ಕಡತ.
ಕತ್ತಲೆ ಒಂದರಲ್ಲೂ ಇಲ್ಲ.

ಕೈಗೆಟುಕಿದ ಸ್ವಿಚ್ಚುಗಳನ್ನೆಲ್ಲ ಆರಿಸಿದೆ.
ಬಾಗಿಲ ಮೇಲಿನ ಕೆಂಪು ದೀಪ ಮಾತ್ರ
ಹೇಳಿದ ಮಾತು ಕೇಳಲಿಲ್ಲ.
ಅಜ್ಜಿ ಅಂಗೈಯನ್ನು ಬಾಯಿಗೆ ಬಟ್ಟಲು ಮಾಡಿ
ವಟರ್... ವಟರ್... ಎಂದಳು,
ಹಿಂದಿನ ಸಾಲಿಂದ ಇನ್ನೊಂದು ಕಪ್ಪೆ ಓಗೊಟ್ಟಿತು.
ಒಬ್ಬ ಮುದುಕ ತೊಡೆ ತಟ್ಟಿ ಹುಟ್ಟು ಹಾಕಿದ,
ಇನ್ನೊಬ್ಬ ನಾಲಿಗೆಯಲ್ಲಿ ಏಡಿ ನಡೆಸಿದ.
ಹಕ್ಕಿಯೊಂದು ಕೂಗಿದ್ದೇ ತಡ, ಜಗಳ:
‘ಅದು ಮಳೆಗಾಲದ್ದು ಕಣೋ!’
‘ಅಲ್ಲ, ಹುಣ್ಣಿಮೆಯದು!’
‘ನೀನು ಹುಟ್ಟಿದ್ದೇ ಆಮೇಲೆ, ಸುಮ್ಮನಿರು!’
ಜಗಳ ನಗುವಾಯಿತು, ನಗು ತೆಳುವಾಯಿತು,
ಮತ್ತೆ ಕಪ್ಪೆಗಳಷ್ಟೇ.

ಅದರ ನಡುವೆ ಮಗುವಿನ ದನಿ, ಸ್ಪಷ್ಟ:
‘ಅಜ್ಜೀ, ಯಾರು ಆರಿಸಿದ್ದು ಅದನ್ನ?’

ಉತ್ತರ ಬರಲಿಲ್ಲ. ಕಪ್ಪೆಗಳೂ ಸುಮ್ಮನಾದವು.

ಆ ನಾಲ್ಕು ನಿಮಿಷ ನನ್ನ ಬಳಿ ಇದೆ.
ಕಡತದ ಹೆಸರು: ಕತ್ತಲೆ, ಒಂದು.
ತಳದಲ್ಲಿ ಜನರೇಟರು ಗುಂಯ್‌ಗುಟ್ಟುತ್ತದೆ,
ಬೇಕೆಂದರೆ ತೆಗೆಯಬಹುದು, ಎರಡು ಗುಂಡಿ ಒತ್ತಿದರೆ ಸಾಕು.
ಪ್ರೆಯೆ ತೆಗೆ ಅನ್ನುತ್ತಾಳೆ.
ನಾನಿನ್ನೂ ತೆಗೆದಿಲ್ಲ.