ಇಪ್ಪತ್ತಾರೊ ಇಪ್ಪತ್ತೊ

ಉದ್ಯಮಬಾಗದಾಗ ಲೇಥಿನ ಮುಂದ
ಹನ್ನೊಂದು ವರ್ಷ ನಿಂತಾಕಿ ನಾನು.
ಉಕ್ಕಿನ ಮಾತು ತಿಳೀತೈತಿ ನನಗ:
ಸಿಟ್ಟಿಗೆದ್ರ ನೀಲಿಯಾಗಿ ಸುಳಿಸುಳಿ ಸಿಪ್ಪಿ ಬಿಡತೈತಿ,
ಸಮಾಧಾನದಾಗಿದ್ರ ಸುಮ್ಮನ ಮಿಂಚತೈತಿ.
ರೈಫಲ್ಲು ಆರಿಸೂದು ಏನ್ ಮಹಾ ಅನಕೊಂಡಿದ್ದೆ.
ಒಂದು ಕೊಳವಿ, ಒಂದು ತೂತು, ಒಳಗೊಂದಿಷ್ಟು ಗೀರು.

ರವಿವಾರ ಮುಂಜಾನೆ, ಕ್ಯಾಂಪಿನಾಚೆ ಕ್ಲಬ್ಬಿನ ರೇಂಜು.
ಯಲ್ಲೋಜಿ ಕಣಬರ್ಗಿ, ಫೌಜಿನ ಬಂದೂಕಿಗೆಲ್ಲಾ ವೈದ್ಯನಾಗಿದ್ದಾಂವ,
ಮೇಜಿನ ಮ್ಯಾಲ ಕಂಬಳಿ ಹಾಸಿ ಎರಡನ್ನ ಮಲಗಿಸಿದ್ದ.
ಒಂದರ ನಳಿಗಿ ಇಪ್ಪತ್ತಾರು ಇಂಚು. ಇನ್ನೊಂದರದು ಇಪ್ಪತ್ತು.

‘ಉದ್ದಂದು ಕೊಡ್ರಿ’ ಅಂದೆ.
ಉದ್ದಾದಷ್ಟು ಜೋರು, ಜೋರಾದಷ್ಟು ನೆಟ್ಟಗ.
ಅಂವ ನಗಲಿಲ್ಲ. ಹಳೇ ಕುಂದಾದ ಡಬ್ಬಿ ತಗದು
ಖಾಲಿ ತೋಟಾ ಒಂದನ್ನ ನನ್ನ ಅಂಗೈಯಾಗಿಟ್ಟ.
‘ಇದರಾಗ ಮದ್ದೆಷ್ಟು? ಚಿಟಿಕಿ ನಶ್ಯ.
ಹದಿನಾರು ಹದಿನೇಳು ಇಂಚಿಗೆ ಅದರ ಉಸುರು ಮುಗೀತು.
ಅಲ್ಲಿಂದ ಮುಂದ ನಳಿಗಿ ಜೋರು ಕೊಡೂದಿಲ್ಲವ್ವಾ.
ಮತ್ತ ಉದ್ದ ಯಾಕಂತಿ? ಕಣ್ಣಿಗೆ.
ಹಿಂದಿನ ಕಿಂಡಿ, ಮುಂದಿನ ಉಂಗುರ ದೂರಾದಷ್ಟೂ
ಕಣ್ಣು ಸುಳ್ಳು ಹೇಳೂದು ಕಷ್ಟ.
ಆದರ.’

ಅಷ್ಟಕ್ಕ ನಿಲ್ಲಿಸಿ ಬಶಿಗೆ ಚಾ ಸುರಕೊಂಡ.
ತಿಳಕವಾಡಿ ಗೇಟಿನ ಕಡೆ ಮಿರಜ ಗಾಡಿ ಸೀಟಿ ಹೊಡೀತು.

‘ಕುದರಿ ಒತ್ತಿದ ಮ್ಯಾಲೂ ಗುಂಡು ನಿನ್ನ ಕೈಯಾಗ ಐತಿ.
ಬಾಯಿ ದಾಟೂತನಕ ಅದು ನಿಂದ.
ಅಷ್ಟರಾಗ ಭುಜ ಸಡಿಲಾತು, ಎಲ್ಲಿ ಬಿತ್ತಂತ ನೋಡಾಕ ತಲಿ ಎದ್ದಿತು,
ಎಲ್ಲಾ ಅದಕ್ಕ ಗೊತ್ತಾಗತೈತಿ.
ಆರು ಇಂಚು ಹೆಚ್ಚಂದ್ರ
ತಪ್ಪು ಮಾಡಾಕ ಆರು ಇಂಚು ಹೆಚ್ಚಿನ ಜಾಗಾ.’

ಸೆಕೆಂಡಿನ ಸಾವಿರದ ಪಾಲಿನಾಗ ಎಂಥಾ ತಪ್ಪು ಅಂತ
ಬ್ಯಾರೆಯವರು ನಗಬಹುದು.
ನಾ ಮೈಕ್ರಾನ್ ಅಳದಾಕಿ. ನನಗ ಸಣ್ಣದು ಸಣ್ಣದಲ್ಲ.

ತೋಟಾ ಮೂರು ಥರ.
ಕೆಂಪು ಡಬ್ಬಿದು ಶಬ್ದಕ್ಕಿಂತ ಮುಂದ ಓಡತೈತಿ,
ನಡುದಾರಿಯಾಗ ದಣಿದು, ಬಿಟ್ಟು ಬಂದ ಶಬ್ದದ ಕೈಗೆ ಸಿಕ್ಕು ತೊನೀತೈತಿ.
ನೀಲಿದು ಜರ್ಮನಿಯದು, ಒಂದೊಂದಕ್ಕ ಒಂದೊಂದು ಊಟದ ರೊಕ್ಕ.
ಹಳದಿ ಡಬ್ಬಿ, ಮೂಲಿ ಜಜ್ಜಿದ್ದು,
ನಿಧಾನಸ್ಥ, ಯಾರೂ ಕೇಳದ್ದು.

ಎಳ್ಳೂರು ಗುಡ್ಡದ ಗಾಳಿ ಏಳೂದರೊಳಗ
ಐದೈದು ಹೊಡದ್ವಿ, ಐವತ್ತು ಮೀಟರಿಗೆ.
ಉದ್ದಕ್ಕ ನೀಲಿ: ರೂಪಾಯಿಯಷ್ಟಗಲ ಚದುರು.
ಉದ್ದಕ್ಕ ಹಳದಿ: ಅದಕೂ ಅತ್ತಿತ್ತ.
ಗಿಡ್ಡಕ್ಕ ನೀಲಿ: ಸುಮಾರು.
ಗಿಡ್ಡಕ್ಕ ಹಳದಿ:
ಕಾಗದ ಹತ್ತಿರ ಬಂದಾಗ ಒಂದ ತೂತು, ಶೇಂಗಾ ಕಾಳಿನಷ್ಟು.
ಉಳಿದ ನಾಕೆಲ್ಲಿ ಅಂತ ಹುಡಿಕಿದೆ, ಖರೇನ.

ಅದ ಹಳದಿ, ಅದ ಕಾರಖಾನಿ, ಬ್ಯಾರೆ ನಂಬರಿನ ಡಬ್ಬಿ ಹಾಕಿದ್ರ
ಜ್ವಾಳ ಚೆಲ್ಲಿದಂಗ.
‘ಒಂದ ಮನಿ ಅಕ್ಕತಂಗ್ಯಾರು’ ಅಂದ ಯಲ್ಲೋಜಿ,
‘ಗುಣ ಬ್ಯಾರೆ. ನಳಿಗಿ ತನ್ನ ಊಟ ತಾನ ಆರಿಸತೈತಿ,
ನೀ ಬಡಸಾಕಿ ಅಷ್ಟ.’

ಆ ನಂಬರಿನವು ಉಳದದ್ದು ಹನ್ನೊಂದು ಡಬ್ಬಿ.
ದೀಪಾವಳಿ ಬೋನಸ್ಸು ಹೋತು.
ಯಾವುದು ತಗೊಂಡಿ ಅಂತ ಕೇಳತಾರ ಗೆಳತ್ಯಾರು,
ಗಿಡ್ಡಂದು ಅಂದ್ರ ಮಾರಿ ಸಣ್ಣ ಮಾಡತಾರ.
ಏನ್ ಹೇಳಲಿ, ಕಣ್ಣಿನ ಮ್ಯಾಲ ಭರೋಸೆ ಐತಿ,
ನನ್ನ ಮ್ಯಾಲ ನನಗ
ಆರು ಇಂಚಿನಷ್ಟು ಇಲ್ಲ. ಇನ್ನೂ.

ಈಗ ಸಂಜಿ ಪಾಳಿ ಮುಗದು ಮಷೀನ್ ಬಂದ್ ಮಾಡಿದ ಮ್ಯಾಲ
ಚಕ್ ತಿರುಗತಿರತೈತಿ ತನ್ನ ಪಾಡಿಗೆ.
ತಲಿ ಎತ್ತೂದಿಲ್ಲ ನಾನು. ಭುಜ ಬಿಡೂದಿಲ್ಲ.
‘ಯಾಕ ನಿಂತೀಯ, ಬಸ್ ಹೋಗತೈತಿ’ ಅಂತಾಳ ಸಾಯಿರಾ.
ಕೈ ಮಾಡತೀನಿ, ತಡಿ.
ಇನ್ನೂ ದಾಟಿಲ್ಲ ಅದು.
ಇನ್ನೂ ನಂದ.