ಇನ್ನೂರ ಹನ್ನೆರಡನೇ ಪುಟ

ಟೋರ್ಸ್‌ಹಾವ್ನಿನ ಗ್ರಂಥಾಲಯ. ಗುರುವಾರ ಸಂಜೆ.
ಹೊರಗೆ ಕಡಲ ಗಾಳಿ,
ಒಳಗೆ ಎಂಟು ಮಕ್ಕಳು, ಒಂದೇ ಕಾದಂಬರಿ.

"ಮೋಸ!" ರನ್ವಾ ಪುಸ್ತಕವ ಮೇಜಿಗೆ ಬಡಿದಳು.
"ಸೇತುವೆಯ ಮೇಲೆ ತಮ್ಮನ ಬಿಟ್ಟು ಓಡುವುದೆ?
ಇನ್ನೂರ ಹನ್ನೆರಡರಾಚೆ ನಾ ಓದೇ ಇಲ್ಲ."

"ಬದುಕಬೇಕಲ್ಲ," ಅಂದ ಬಾರ್ದುರ್, ಬಿಸ್ಕತ್ತು ಜಗಿಯುತ್ತ.
"ಊರೇ ಮುಳುಗಿದೆ, ಇರುವುದೊಂದೇ ಹಗ್ಗ.
ನಾನೂ ಕೊಯ್ಯುತ್ತಿದ್ದೆ."

ಸುನ್ನೇವಳ ತಕರಾರೇ ಬೇರೆ:
ಲೋಕ ಹಾಳಾಗಿ ಮೂರು ವರ್ಷ, ನಾನೂರು ಪುಟ,
ಒಬ್ಬರೂ ಒಮ್ಮೆಯೂ ಬಟ್ಟೆ ಒಗೆಯಲಿಲ್ಲ,
ಯಾರಿಗೂ ಹಲ್ಲುನೋವು ಬರಲಿಲ್ಲ.

ನಕ್ಕೆವು. ದೀಪ ಆರಿಸಿ ಬೀಗ ಹಾಕಿದೆ.

ಸೋಮವಾರ
ಬಾರ್ದುರ್ ಹಿಂದಿರುಗಿಸಿದ ಪ್ರತಿಯೊಳಗೆ, ಅದೇ ಪುಟದಲ್ಲಿ,
ಮರೆತುಹೋದ ಚೀಟಿ, ಪೆನ್ಸಿಲಿನ ಅಂಕುಡೊಂಕು:
ಬೆಂಕಿಪೊಟ್ಟಣ, ಉಪ್ಪು, ಚಾಕು, ಒಣಮೀನು,
ಹಗ್ಗ ಒಂದು —

'ಒಂದು' ಹೊಡೆದುಹಾಕಿ
ಮೇಲೆ, ಒತ್ತಿ ಬರೆದದ್ದು:
ಎರಡು.