ತಾರ್ತು, ಜನವರಿ

ಹೊರಗೆ ಮೈನಸ್ ಹದಿನೆಂಟು.
ಹಿಲ್ಯಾಳ ಹಳೇ ಲ್ಯಾಪ್‌ಟಾಪಿಗೆ
ಮಿಂಟ್ ಹಾಕಿಕೊಟ್ಟವನು ತಾವೆತ್:
"ಪುದಿನ ಇದ್ದಂತೆ, ನೆಟ್ಟು ಮರೆತುಬಿಡಿ."
ಅವನದು ಆರ್ಚ್.
ಜಂತೆ ಜಂತೆಯನ್ನೂ ತಾನೇ ಎಣಿಸಿ ಏರಿಸಿದ ಮನೆ,
ಬೇಡದ ಒಂದು ಮೊಳೆಯೂ ಇಲ್ಲ.

ಆಕೆ ಕೈಗವಸಿನ ನಕ್ಷೆ ಬಿಡಿಸಿದಳು,
ತಂಗಿಗೆ ಕಾಗದ ಬರೆದಳು,
ಅಪ್‌ಡೇಟ್ ಅಂದಾಗಲೆಲ್ಲ ಹೂಂ ಅಂದಳು.

ಇವತ್ತು ಬಾಗಿಲಲ್ಲಿ ತಾವೆತ್.
ಬೂಟಿಗೆ ಮೆತ್ತಿದ ಹಿಮ, ಮುಷ್ಟಿಯಲ್ಲಿ ಪೆನ್‌ಡ್ರೈವ್.
ರಾತ್ರಿ ಅಪ್‌ಡೇಟ್ ಮಾಡಿದ್ದೇ,
ಅವನ ಮನೆಯಲ್ಲಿ ದೀಪವಿಲ್ಲ:
ಕರಿ ಪರದೆ, ಮಿಟುಕುವ ಒಂದೇ ಗೆರೆ.
"ಅರ್ಧ ಗಂಟೆ ನಿಮ್ಮದು ಕೊಡ್ತೀರಾ?"

ಕುರ್ಚಿ ಬಿಟ್ಟುಕೊಟ್ಟಳು. ಗೆದ್ದಂತೆ ನಗಲಿಲ್ಲ.
ಅವನ ಬೆರಳು ಎಲ್ಲೋ ಒತ್ತಿತು;
ಹೂವಿನ ವಾಲ್‌ಪೇಪರ್ ಮೇಲೆ
ಕರಿ ಕಿಟಕಿಯೊಂದು ತೆರೆಯಿತು.

"ಇದು ನನ್ನ ಮನೆಯಲ್ಲೂ ಇತ್ತಾ?"

ತಾವೆತ್ ಇನ್ನೊಂದು ಕುರ್ಚಿ ಎಳೆದ.